ಮೂರನೇ ರೂಮಿನ ಸೂರ್ಯ

ನಾನು ತೆಗೆದ ಫೋಟೋವನ್ನು ಯಾರೋ ನಕಲಿ ಎಂದು ಬರೆದಿದ್ದಾರೆ ಎನ್ನುವ ಸುದ್ದಿ ನನಗೆ ಮುಟ್ಟಿದ್ದು ಜಯನಗರದ ಒಂದು ಒಡವೆ ಅಂಗಡಿಯಲ್ಲಿ, ಜುಮುಕಿಯೊಂದಕ್ಕೆ ದೀಪ ಹೊಂದಿಸುತ್ತಿದ್ದಾಗ. ಫೋನ್ ಮಾಡಿದವರು ಒಂದು ಚಿಕ್ಕ ಹೋಟೆಲಿನ ಒಡತಿ. ಬನ್ನೇರುಘಟ್ಟ ರಸ್ತೆಯಲ್ಲಿ ಗೊಟ್ಟಿಗೆರೆ ದಾಟಿ ಇನ್ನೂ ಅರ್ಧ ಗಂಟೆ ಹೋಗಿ, ಎಡಕ್ಕೆ ತಿರುಗಿ ಮಣ್ಣು ರಸ್ತೆ ಹಿಡಿದರೆ ಆ ಹೋಟೆಲು ಸಿಗುತ್ತದೆ. ಎಂಟೇ ರೂಮು. ಎದುರಿಗೆ ಕೆರೆ, ಕೆರೆಯಾಚೆ ಎರಡು ಗುಡ್ಡ. ಹಿಂದಿನ ಡಿಸೆಂಬರಿನಲ್ಲಿ ಅಲ್ಲಿಗೆ ಹೋಗಿ, ಮೂರನೇ ರೂಮಿನ ಬಾಲ್ಕನಿಯಲ್ಲಿ ನಿಂತು, ಆ ಎರಡು ಗುಡ್ಡಗಳ ನಡುವೆ ಸೂರ್ಯ ಇಳಿಯುವುದನ್ನು ತೆಗೆದುಕೊಟ್ಟವಳು ನಾನೇ. ಈಗ ಜೂನ್.

"ಮೇಡಂ, ಇಬ್ರು ಗೆಸ್ಟ್ ಬರೆದಿದಾರೆ. ಫೋಟೋದಲ್ಲಿರೋ ಸನ್‌ಸೆಟ್ ಬಾಲ್ಕನಿಯಿಂದ ಕಾಣೋದೇ ಇಲ್ಲ, ಫೇಕ್ ಫೋಟೋ ಅಂತ. ಬುಕಿಂಗ್ ಸೈಟಿನವ್ರು ಏಳು ದಿನ ಟೈಮ್ ಕೊಟ್ಟಿದಾರೆ. ಹೊಸದಾಗಿ ತೆಗೆದು ಕಳಿಸ್ಬೇಕಂತೆ. ಇಲ್ಲಾಂದ್ರೆ ಹೋಟೆಲನ್ನೇ ಲಿಸ್ಟಿಂದ ತೆಗೆದುಹಾಕ್ತಾರಂತೆ."

"ಮೋಡ ಇದ್ದಿರ್ಬೇಕು ಬಿಡಿ" ಅಂದೆ.

"ನಾನೂ ಹಂಗೇ ಅಂದ್ಕೊಂಡೆ. ಆದ್ರೂ ನೀವು ಬಂದುಬಿಡಿ ಮೇಡಂ. ಲಿಸ್ಟಿಂದ ಹೋದ್ರೆ ಹೋಟೆಲ್ ಮುಚ್ಚಿದಂಗೇ. ನಮ್ಮಾವ ಅದಕ್ಕೇ ಕಾಯ್ತಿದಾರೆ, ಮದುವೆ ಛತ್ರ ಮಾಡೋಕೆ."

ಅವರ ಮಾವನವರದು ಹುಳಿಮಾವಿನ ಹಳೆಯ ಮನೆತನ. ಊರೊಳಗಿನ ಜಮೀನೆಲ್ಲ ಕಟ್ಟಡಗಳಾಗಿ, ಬಾಡಿಗೆ ವಸೂಲಿಯೇ ಬೇಸಾಯವಾಗಿತ್ತು. ಈ ಕೆರೆಯ ಪಕ್ಕದ ರಾಗಿ ಹೊಲ ಮಾತ್ರ ಉಳಿದಿತ್ತು. ಅಲ್ಲಿ ಛತ್ರ ಕಟ್ಟೋಣ ಎಂದ ಮಾವನನ್ನು ಮೂರು ವರ್ಷ ಒಪ್ಪಿಸಿ, ಸೊಸೆ ಹೋಟೆಲು ಕಟ್ಟಿಸಿದ್ದರು. ಅವರ ಗಂಡ ಎರಡು ಕಡೆಗೂ ತಲೆ ಆಡಿಸುವ ಮನುಷ್ಯ, ನನ್ನ ಕಥೆಯಲ್ಲಿ ಅವರಿಗೆ ಕೆಲಸವಿಲ್ಲ.

ನನಗೆ ಕೋಪ ಬಂತು. ಇಪ್ಪತ್ತು ವರ್ಷದಿಂದ ಒಡವೆ, ಸೀರೆ, ಹೋಟೆಲು ರೂಮುಗಳ ಫೋಟೋ ತೆಗೆದು ಬದುಕಿದವಳು. ಇಲ್ಲದ್ದನ್ನು ಅಂಟಿಸಿ ಕೊಡುವುದಿಲ್ಲ ಎನ್ನುವುದು ನನ್ನ ಒಂದೇ ಜಂಭ. ಆ ಸೈಟಿನವರು ಪ್ರತಿ ಫೋಟೋದ ಜೊತೆ ಒಂದು ಹೇಳಿಕೆಗೆ ಸಹಿ ಹಾಕಿಸಿಕೊಳ್ಳುತ್ತಾರೆ, 'ಇದು ಇದೇ ಕೋಣೆಯಿಂದ ತೆಗೆದದ್ದು' ಎಂದು. ಆ ಸಹಿಯೂ ನನ್ನದೇ. ಗುರುವಾರ ಮಧ್ಯಾಹ್ನ ಕ್ಯಾಮೆರಾ, ಟ್ರೈಪಾಡು, ಎರಡು ಜೊತೆ ಬಟ್ಟೆ ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ. ಹಣ ಬೇಡ, ಮೂರನೇ ರೂಮೇ ಕೊಡಿ, ಅಲ್ಲೇ ಉಳಿಯುತ್ತೇನೆ ಅಂದಿದ್ದೆ.

ರೂಮು ಹಾಗೇ ಇತ್ತು. ಅದೇ ಬಿಳಿ ಪರದೆ, ಅದೇ ಬೆತ್ತದ ಕುರ್ಚಿ. ಐದೂವರೆಗೆ ಟ್ರೈಪಾಡು ನಿಲ್ಲಿಸಿದೆ. ರೂಮಿನೊಳಗಿಂದ ಹೊರಗಿನ ಸೂರ್ಯಾಸ್ತ ತೆಗೆಯುವುದು ಸ್ವಲ್ಪ ಕಷ್ಟದ ಕೆಲಸ. ಒಳಗಿನ ಮಂಚ ಕಾಣುವಂತೆ ತೆಗೆದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ, ಆಕಾಶಕ್ಕೆ ಹೊಂದಿಸಿದರೆ ಮಂಚ ಕಪ್ಪು. ಅದಕ್ಕೇ ಕ್ಯಾಮೆರಾವನ್ನು ಕದಲಿಸದೆ ಒಂದೇ ನಿಮಿಷದಲ್ಲಿ ಮೂರು ಫೋಟೋ ತೆಗೆದು, ಒಂದು ಒಳಗಿನದಕ್ಕೆ, ಒಂದು ಆಕಾಶಕ್ಕೆ, ಒಂದು ನಡುವಿನದಕ್ಕೆ, ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತೇವೆ. ಕಣ್ಣು ತಾನಾಗಿ ಮಾಡುವುದನ್ನು ಕ್ಯಾಮೆರಾಕ್ಕೆ ಹೇಳಿಕೊಟ್ಟು ಮಾಡಿಸುವುದು ಅಷ್ಟೇ.

ಆರು ಗಂಟೆಯಾಯಿತು. ಗುಡ್ಡಗಳ ಮೇಲೆ ಮೋಡ. ಆರೂವರೆಗೂ ಮೋಡ. ಆರೂ ಮುಕ್ಕಾಲಿಗೆ ಆಕಾಶ ಕೆಂಪಾಯಿತು, ಆದರೆ ಗುಡ್ಡದ ಕಡೆ ಅಲ್ಲ. ಬಲಗಡೆ, ಮುಂದಕ್ಕೆ ಚಾಚಿಕೊಂಡಿದ್ದ ಹೋಟೆಲಿನ ಅಡುಗೆಮನೆಯ ಹಿಂದೆ. ಮೋಡಕ್ಕೆ ಬೆಳಕು ತಗಲಿ ಎಲ್ಲೆಲ್ಲೋ ಕೆಂಪಾಗುವುದುಂಟು ಎಂದುಕೊಂಡು ಕೆಳಗೆ ಊಟಕ್ಕೆ ಹೋದೆ. ಅಕ್ಕಿ ರೊಟ್ಟಿ ಚೆನ್ನಾಗಿತ್ತು. ಒಡತಿ ಎದುರಿಗೆ ಕೂತು ನಾನು ತಿನ್ನುವುದನ್ನೇ ನೋಡುತ್ತಿದ್ದರು.

"ನಾಳೆ ಬರುತ್ತೆ" ಎಂದು ನಾನೇ ಸಮಾಧಾನ ಹೇಳಿದೆ.

ಶುಕ್ರವಾರ ಆಕಾಶ ತೊಳೆದ ಹಾಗಿತ್ತು. ಆರು ಗಂಟೆಯಾದರೂ ಬಿಸಿಲು ಇನ್ನೂ ಮೇಲೆಯೇ ಇತ್ತು, ಅದೂ ಬಲಗಡೆಯಿಂದ ಬೀಳುತ್ತಿತ್ತು. ಬಾಲ್ಕನಿಯ ಗೋಡೆಯ ನೆರಳು ನನ್ನ ಟ್ರೈಪಾಡಿನ ಮೇಲೆ ಅಡ್ಡ ಮಲಗಿತ್ತು. ಆರೂ ಕಾಲಿಗೆ, ನಾನು ಕಣ್ಣಾರೆ ನೋಡುತ್ತಿದ್ದಂತೆ, ಸೂರ್ಯ ಅಡುಗೆಮನೆಯ ಹೊಗೆ ಕೊಳವೆಯ ಹಿಂದೆ ಸರಿದು ಹೋಗಿಬಿಟ್ಟ. ಎರಡು ಗುಡ್ಡಗಳ ನಡುವೆ ಏನೂ ಇಲ್ಲ. ಬರಿ ಸಂಜೆ.

ಮೊದಲು ಬಂದದ್ದು ಭಯ. ನಾನು ಡಿಸೆಂಬರಿನಲ್ಲಿ ನಿಜವಾಗಿಯೂ ಇಲ್ಲಿಂದಲೇ ತೆಗೆದೆನೇ?

ಲ್ಯಾಪ್‌ಟಾಪು ತೆರೆದು ಹಳೆಯ ಫೈಲು ಹುಡುಕಿದೆ. ಅಲ್ಲಿತ್ತು. ಆಕಾಶಕ್ಕೆ ಹೊಂದಿಸಿ ತೆಗೆದ ಫೋಟೋದಲ್ಲಿ ಸೂರ್ಯ, ಗುಡ್ಡಗಳ ನಡುವೆ, ದುಂಡಗೆ. ಸಮಯ ಆರಕ್ಕೆ ಹತ್ತು ನಿಮಿಷ ಕಡಿಮೆ. ಹಾಗಾದರೆ ರೂಮು ಬೇರೆಯೇ? ಕೆಳಗೆ ಓಡಿದೆ.

"ರೂಮ್ ನಂಬರ್ ಏನಾದ್ರೂ ಬದಲಾಯಿಸಿದ್ರಾ?"

"ಇಲ್ವಲ್ಲ ಮೇಡಂ."

ಮತ್ತೆ ಮೇಲೆ ಹೋಗಿ ಫೋಟೋ ಹಿಡಿದುಕೊಂಡು ಒಂದೊಂದೇ ನೋಡಿದೆ. ಬಾಲ್ಕನಿಯ ಮೂಲೆಯ ಟೈಲ್ಸು ಮುಕ್ಕಾಗಿದೆ, ಫೋಟೋದಲ್ಲೂ ಮುಕ್ಕಾಗಿದೆ. ಕಂಬಿಗಳು ಹನ್ನೊಂದು, ಫೋಟೋದಲ್ಲೂ ಹನ್ನೊಂದು. ಕೆರೆ ಏರಿಯ ಮೇಲಿನ ಒಂಟಿ ಈಚಲ ಮರ ಇದ್ದಲ್ಲೇ ಇದೆ. ಎಡಬಲ ತಿರುಗಿಸಿಬಿಟ್ಟಿದ್ದೇನೋ ಎಂದು ನೋಡಿದರೆ ಅದೂ ಇಲ್ಲ. ಫೋನಿನ ದಿಕ್ಸೂಚಿ ತೆಗೆದೆ. ಬಾಲ್ಕನಿಯ ಕಬ್ಬಿಣದ ಕಂಬಿಯ ಹತ್ತಿರ ಒಂದು ಪಶ್ಚಿಮ ತೋರಿಸಿತು, ಮಂಚದ ಮೇಲೆ ಇನ್ನೊಂದು, ಮೆಟ್ಟಿಲ ಹತ್ತಿರ ಮೂರನೆಯದು. ರೂಮು, ಕೆರೆ, ಗುಡ್ಡ, ಮರ ಎಲ್ಲ ಅಲ್ಲೇ ಇವೆ, ಸೂರ್ಯ ಮಾತ್ರ ಜಾಗ ಬದಲಾಯಿಸಿದ್ದಾನೆ. ತಲೆ ಕೆಟ್ಟು ಹೋಯಿತು.

ಓದುವವರು ನಗುತ್ತಿರಬಹುದು. ಉತ್ತರಾಯಣ, ದಕ್ಷಿಣಾಯನ ನನಗೂ ಗೊತ್ತು, ಸಂಕ್ರಾಂತಿಗೆ ಎಳ್ಳು ಬೀರಿ ಬೆಳೆದವಳೇ. ಆದರೆ ನಾನು ಬೆಳೆದದ್ದು ಯಡಿಯೂರಿನ ಒಂದು ಅಡ್ಡ ರಸ್ತೆಯಲ್ಲಿ. ಅಲ್ಲಿ ಸೂರ್ಯ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ ಹೋದನೆಂದರೆ ಸಂಜೆಯಾಯಿತು ಎಂದರ್ಥ, ಅವನು ಎಲ್ಲಿ ಮುಳುಗಿದ ಎಂದು ಯಾರೂ ನೋಡಲು ಹೋಗುವುದಿಲ್ಲ. ದುಡಿದದ್ದೆಲ್ಲ ನಾನೇ ಹಚ್ಚಿದ ದೀಪಗಳ ಬೆಳಕಿನಲ್ಲಿ. ಆ ಅಯನ ಎನ್ನುವುದು ಕ್ಯಾಲೆಂಡರಿನ ಮಾತು, ಬೆರಳಿನಷ್ಟೋ ಎರಡು ಬೆರಳಿನಷ್ಟೋ ಸರಿಯುತ್ತಾನೆ ಎಂದುಕೊಂಡಿದ್ದೆ. ಇಡೀ ಒಂದು ಗುಡ್ಡ, ಒಂದು ಹೊಲ, ಒಂದು ಅಡುಗೆಮನೆ ದಾಟಿ ಹೋಗುತ್ತಾನೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹಾಗೆಂದು ಆ ಸಂಜೆ ಕೈ ಕಟ್ಟಿ ಕೂರಲಿಲ್ಲ. ಕೆಂಪು ಇನ್ನೂ ಉಳಿದಿತ್ತು. ಟ್ರೈಪಾಡು ಹೆಗಲಿಗೇರಿಸಿ ಹೋಟೆಲಿನ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಕಟ್ಟೆ ಹತ್ತಿದೆ. ಅಲ್ಲಿಂದ ನೋಡಿದರೆ ಅಡುಗೆಮನೆಯಾಚೆ ಒಂದು ದೊಡ್ಡ ಬಂಡೆ, ಬಂಡೆಯ ಹಿಂದೆ ಕೊನೆಯ ಒಂದು ಚೂರು ಸೂರ್ಯ. ತುಂಬ ಚೆನ್ನಾಗಿತ್ತು. ಸಿಟ್ಟಿನಲ್ಲೇ ಹತ್ತಾರು ತೆಗೆದೆ.

ಆ ಫೋಟೋಗಳನ್ನು ನೋಡಿದ ಒಡತಿಯ ಮುಖ ಅರಳಿತು. ಶನಿವಾರ ಬೆಳಿಗ್ಗೆ ಕಾಫಿ ತಂದಿಟ್ಟು ನನ್ನ ಪಕ್ಕದಲ್ಲೇ ಕೂತರು.

"ಮೇಡಂ, ಇದೇ ಸೂರ್ಯನ್ನ ಎತ್ತಿ ಮೂರನೇ ರೂಮಿನ ಫೋಟೋಗೆ ಹಾಕೋಕಾಗಲ್ವಾ?"

"ಆಗುತ್ತೆ. ಆದ್ರೆ ಹಾಕಲ್ಲ."

"ಯಾಕೆ? ನಮ್ಮ ಹೋಟೆಲಿಂದಾನೇ ತೆಗ್ದಿದ್ದು. ನಿನ್ನೇನೇ ತೆಗ್ದಿದ್ದು. ಡಿಸೆಂಬರಲ್ಲೂ ನೀವು ಮೂರು ಫೋಟೋ ಸೇರಿಸಿದ್ರಿ, ನಂಗೆ ತೋರಿಸಿದ್ರಿ. ಮೂರು ಸೇರಿಸೋದು ಸರಿ, ನಾಕು ಸೇರಿಸೋದು ತಪ್ಪಾ?"

ಕ್ಯಾಮೆರಾ ಕದಲಿಸಬಾರದು ಅಂದೆ. ಯಾರು ಮಾಡಿದ ನಿಯಮ ಅಂದರು. ನಾನೇ ಮಾಡಿಕೊಂಡ ನಿಯಮ. ಅದನ್ನು ಬಾಯಿಬಿಟ್ಟು ಹೇಳುವಾಗ ನನಗೇ ಅದು ಮಕ್ಕಳ ಆಟದ ನಿಯಮದಂತೆ ಕೇಳಿಸಿತು. ಅವರ ಕಣ್ಣು ತುಂಬಿತ್ತು. ಸೋಮವಾರ ಗಡುವು ಮುಗಿಯುತ್ತಿತ್ತು.

ಸುಮ್ಮನೆ ಮಾಡಿ ನೋಡೋಣ, ಕಳಿಸುವುದು ಬೇರೆ ಮಾತು ಎಂದು ನನಗೆ ನಾನೇ ಹೇಳಿಕೊಂಡು ಮಾಡಿದೆ. ಇಪ್ಪತ್ತೇ ನಿಮಿಷ. ಟ್ಯಾಂಕಿನ ಮೇಲಿಂದ ತೆಗೆದ ಆಕಾಶವನ್ನು ಕತ್ತರಿಸಿ, ಹಿಂದಿನ ಸಂಜೆ ರೂಮಿನಿಂದ ತೆಗೆದಿದ್ದ ಫೋಟೋದ ಗುಡ್ಡಗಳ ನಡುವೆ ಕೂರಿಸಿದೆ. ಕೆರೆಯ ನೀರಿನಲ್ಲಿ ಒಂದು ಕೆಂಪು ಗೆರೆ ಎಳೆದೆ. ಪರದೆಯ ಅಂಚಿಗೆ ಸ್ವಲ್ಪ ಬೆಚ್ಚನೆಯ ಬಣ್ಣ. ಆಮೇಲೆ ಅದನ್ನೂ ಡಿಸೆಂಬರಿನ ಫೋಟೋವನ್ನೂ ಅಕ್ಕಪಕ್ಕ ಇಟ್ಟೆ.

ಸುಳ್ಳು ಫೋಟೋವೇ ಹೆಚ್ಚು ನಿಜವಾಗಿ ಕಾಣುತ್ತಿತ್ತು. ಡಿಸೆಂಬರಿನದರಲ್ಲಿ ಸೂರ್ಯ ಎಷ್ಟು ಸರಿಯಾಗಿ ಎರಡು ಗುಡ್ಡಗಳ ನಟ್ಟನಡುವೆ ಕೂತಿದ್ದನೆಂದರೆ, ನಾನು ಗಿರಾಕಿಯಾಗಿದ್ದರೆ ನಾನೂ ಅದನ್ನು ಫೇಕ್ ಅನ್ನುತ್ತಿದ್ದೆ. ಇಷ್ಟು ವರ್ಷ ನಾನು ಜಂಭ ಪಡುತ್ತಿದ್ದದ್ದು ಯಾವುದರ ಬಗ್ಗೆ ಎಂದೇ ತಿಳಿಯದಾಯಿತು.

ಆ ಹೊತ್ತಿಗೆ ಯಜಮಾನರು, ಅಂದರೆ ಒಡತಿಯ ಮಾವ, ಹುಳಿಮಾವಿನಿಂದ ತಮ್ಮ ಹಳೆಯ ಮೊಪೆಡ್ಡಿನಲ್ಲಿ ಬಂದರು. ದಿನಾ ಬೆಳಿಗ್ಗೆ ಬಂದು, ಒಂದು ಲೋಟ ಕಾಫಿ ಕುಡಿದು, ಗಿಡಗಳಿಗೆ ನೀರು ಹಾಕುವವರನ್ನು ಗದರಿ ಹೋಗುವುದು ಅವರ ಪದ್ಧತಿ.

"ಏನಮ್ಮ ಫೋಟೋದೋರೇ, ಸೂರ್ಯ ಸಿಕ್ಕುದ್ನಾ?"

"ಸಿಕ್ಕಿದ ಯಜಮಾನ್ರೇ. ಅಡುಗೆಮನೆ ಹಿಂದೆ."

"ಇನ್ನೆಲ್ಲಿರ್ತಾನೆ? ಮೃಗಶಿರ ಮಳೆ ಹೊತ್ನಲ್ಲಿ ಅವ್ನು ಮುಳುಗಾದು ಆ ಬಂಡೆ ಹಿಂದ್ಕೇಯ."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. "ಮತ್ತೆ ಆ ಗುಡ್ಡಗಳ ಮಧ್ಯ?"

"ಅದು ಕಾರ್ತಿಕ ಕಳೆದ್ಮೇಲೆ. ಯುಗಾದಿಗೆ ಬಂದ್ರೆ ಬಲಗಡೆ ಗುಡ್ಡ ದಾಟಿ ಇಷ್ಟು ದೂರ ಬಂದಿರ್ತಾನೆ. ಅವ್ನೇನು ನಮ್ಮನೆ ಬಾಡಿಗೆಗೆ ಬಂದವ್ನಾ, ವರ್ಷ ಪೂರ್ತಿ ಒಂದೇ ರೂಮಲ್ಲಿರಾಕೆ?"

ಒಡತಿ ಎದ್ದು ನಿಂತರು. "ಮಾವ, ಗುದ್ದಲಿ ಪೂಜೆ ದಿನ ನಾನು ಕೇಳ್ದಾಗ ನೀವೇ ಅಲ್ವಾ ಕೈ ತೋರ್ಸಿದ್ದು?"

"ನೀನು ಕೇಳಿದ್ದು ಸೂರ್ಯ ಎಲ್ಲಿ ಮುಳುಗ್ತಾನೆ ಅಂತ. ಅವತ್ತು ಅಲ್ಲೇ ಮುಳುಗ್ತಿದ್ದ. ತೋರಿಸ್ದೆ. ಓದಿರೋಳು, ಮಿಕ್ಕಿದ್ದು ಗೊತ್ತಿರ್ತದೆ ಅಂದ್ಕೊಂಡೆ."

ಆಮೇಲೆ ನಿಧಾನವಾಗಿ ಎಲ್ಲ ಹೊರಬಂತು. ಗುದ್ದಲಿ ಪೂಜೆ ಮಾಡಿದ್ದು ಕಾರ್ತಿಕದ ಕೊನೆಯಲ್ಲಿ, ಸಂಜೆಯ ಮುಹೂರ್ತ. ಎಲ್ಲ ರೂಮಿಗೂ ಸೂರ್ಯಾಸ್ತ ಎದುರಿಗೇ ಬರಬೇಕು ಎಂಬುದು ಸೊಸೆಯ ಆಸೆ. ಮಾವ ಕೈ ತೋರಿಸಿದ ಕಡೆಗೆ ಮೇಸ್ತ್ರಿ ದಾರ ಎಳೆದು ಗೂಟ ಹೊಡೆದ. ಪುರೋಹಿತರು ಗೂಟಗಳಿಗೆ ಅರಿಶಿನ ಕುಂಕುಮ ಹಚ್ಚಿದರು. ಮುಂದಿನ ವಾರ ಎಂಜಿನಿಯರ್ ಬಂದು, ಈ ದಾರ ಪಶ್ಚಿಮಕ್ಕಿಲ್ಲ, ದಕ್ಷಿಣಕ್ಕೆ ವಾಲಿದೆ, ಸರಿ ಮಾಡೋಣ ಎಂದಿದ್ದರಂತೆ. ಪೂಜೆಯಾದ ಗೂಟ ಕೀಳಬಾರದು ಎಂದು ಮನೆಯವರೆಲ್ಲ ಒಂದೇ ಮಾತು. ಹೀಗೆ ಒಂದು ಸಂಜೆಯ ಸೂರ್ಯನಿಗೆ ಎಂಟು ರೂಮು, ಎಂಟು ಬಾಲ್ಕನಿ ಕಟ್ಟಿ ನಿಲ್ಲಿಸಿದ್ದರು. ನಾನು ಫೋಟೋ ತೆಗೆಯಲು ಬಂದದ್ದೂ ಆ ಸಂಜೆ ಕಳೆದು ಸರಿಯಾಗಿ ಎರಡು ವರ್ಷವಾದ ಹೊತ್ತಿಗೆ.

ನಗು ಬರಬೇಕಾಗಿತ್ತು. ಬರಲಿಲ್ಲ. ಒಡತಿ ಗೋಡೆಗೆ ಒರಗಿ ನಿಂತಿದ್ದರು, ಅವರ ಮುಖ ನೋಡಲಾಗಲಿಲ್ಲ.

ನಾನು ಲ್ಯಾಪ್‌ಟಾಪಿನಲ್ಲಿದ್ದ ಅಂಟಿಸಿದ ಫೋಟೋವನ್ನು ಅಳಿಸಿದೆ. ನಿರ್ಧಾರ ಎಂದರೆ ಅದೇ. ಅದರ ಹಿಂದೆ ದೊಡ್ಡ ತತ್ವವೇನೂ ಇರಲಿಲ್ಲ. ಮೂರಕ್ಕೂ ನಾಲ್ಕಕ್ಕೂ ಏನು ವ್ಯತ್ಯಾಸ ಎಂದು ನನಗೆ ಇವತ್ತಿಗೂ ಸರಿಯಾಗಿ ಹೇಳಲು ಬಾರದು. ಆದರೆ ಇದರ ಕೆಳಗೆ ಸಹಿ ಹಾಕಲು ನನ್ನ ಕೈ ಏಳುವುದಿಲ್ಲ ಎನ್ನುವುದಷ್ಟೇ ಸ್ಪಷ್ಟವಾಗಿತ್ತು.

"ಅಳಿಸಿಬಿಟ್ರಾ?"

"ಹೌದು. ಬಾಲ್ಕನಿಯಿಂದ ನಿನ್ನೆ ಕಂಡಿದ್ದು ಏನೋ ಅದನ್ನ ಕಳ್ಸೋಣ, ಸೂರ್ಯ ಇಲ್ದೇನೇ. ಡಿಸೆಂಬರಿಂದು ಡಿಸೆಂಬರಿಂದು ಅಂತಾನೇ ಬರೆದು ಕಳ್ಸೋಣ. ಟ್ಯಾಂಕ್ ಮೇಲಿಂದು ಟ್ಯಾಂಕ್ ಮೇಲಿಂದು ಅಂತ."

"ನಿಮ್ಮ ಹೆಸರು ಉಳೀತು ಬಿಡಿ ಮೇಡಂ" ಎಂದರು. ಧ್ವನಿ ಏರಲಿಲ್ಲ. "ನನ್ನ ಹೋಟೆಲ್ ಹೋಯ್ತು."

ಆ ಮಾತು ನಾಟಿತು. ಅದು ನಿಜವೂ ಆಗಿತ್ತು. ನನ್ನ ಜಂಭಕ್ಕೆ ಬೆಲೆ ತೆರುತ್ತಿದ್ದವರು ಅವರು. ನಾನು ಸೋಮವಾರ ಮತ್ತೆ ಒಡವೆ ಅಂಗಡಿಗೆ ಹೋಗಿ ಜುಮುಕಿಯ ಫೋಟೋ ತೆಗೆಯುವವಳು. ಇದೆಲ್ಲ ಗೊತ್ತಿದ್ದೂ ಅಳಿಸಿದ್ದನ್ನು ಮತ್ತೆ ಮಾಡಲಿಲ್ಲ.

ಯಜಮಾನರು ಇಬ್ಬರನ್ನೂ ನೋಡಿದರು. "ಏನು ಬರ್ದವ್ರೆ ಅವ್ರು?" ಎಂದು ಕೇಳಿದರು. ಸೊಸೆ ಫೋನು ತೆಗೆದು ಓದಿ, ಕನ್ನಡದಲ್ಲಿ ಹೇಳಿದರು. ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು ಅಂತ.

ಮುದುಕರ ಮುಖ ಕೆಂಪಾಯಿತು. "ನಮ್ಮಪ್ಪನ ಕಾಲ್ದಿಂದ ಈ ಹೊಲದಲ್ಲಿ ನಿಂತು ನೋಡಿವ್ನಿ. ಮುಳುಗಾದೇ ಇಲ್ಲ ಅಂತಾರಾ?" ಛತ್ರಕ್ಕೆ ಕಾಯುತ್ತಿದ್ದ ಮನುಷ್ಯ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಹತ್ತಿಬಿಟ್ಟರು. "ಬಾಮ್ಮ, ಪುಸ್ತಕ ತಗೊಂಡ್ ಬಾ."

ನಾವಿಬ್ಬರೂ ಹಿಂದೆ ಹೋದೆವು. ಅವತ್ತು ಆರು ರೂಮು ಖಾಲಿ, ಮೂರನೆಯದರಲ್ಲಿ ನಾನು. ಇನ್ನೊಂದರಲ್ಲಿ ಮಾತ್ರ ಒಬ್ಬರು ಗೆಸ್ಟ್, ಅವರೂ ಬಾಗಿಲು ತೆರೆದು ಒಳಗೆ ಬಿಟ್ಟರು. ಅಡುಗೆಮನೆಗೆ ತೀರ ದೂರದ ಎಂಟನೇ ರೂಮಿನಿಂದ ಶುರು. ಬಾಲ್ಕನಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ತೋಳು ಚಾಚಿ, ಅಡುಗೆಮನೆಯ ಗೋಡೆ ಎಲ್ಲಿಗೆ ಅಡ್ಡ ಬರುತ್ತದೆ ಎಂದು ನೋಡುವುದು, ಅದರ ಪಕ್ಕದಲ್ಲಿ ಆಚೆ ಕಾಣುವ ಗುಡ್ಡದ ಗುರುತು ಹಿಡಿಯುವುದು. "ಇದಕ್ಕೆ ಗಣೇಶನ ಹಬ್ಬದಿಂದ ಯುಗಾದಿ ತಂಕ ಕಾಣ್ತಾನೆ, ಬರ್ಕೋ." ಐದನೆಯದಕ್ಕೆ ನವರಾತ್ರಿಯಿಂದ. ಮೂರನೆಯದಕ್ಕೆ ಬಂದಾಗ ಎರಡೆರಡು ಸಲ ತೋಳು ಚಾಚಿ ನೋಡಿದರು. "ದೀಪಾವಳಿಯಿಂದ ಶಿವರಾತ್ರಿ. ಅಲ್ಲೀಗಂಟ ಇಲ್ಲ." ಅಡುಗೆಮನೆಗೆ ಅಂಟಿಕೊಂಡ ಒಂದನೆಯದಕ್ಕೆ ಕಾರ್ತಿಕದ ಕೊನೆಯಿಂದ ಸಂಕ್ರಾಂತಿ. ಸೊಸೆ ಬರೆದುಕೊಳ್ಳುತ್ತಿದ್ದರು. ನಾನು ಪ್ರತಿ ಬಾಲ್ಕನಿಯಿಂದಲೂ, ಅವರು ನಿಂತ ಜಾಗದಲ್ಲೇ ಟ್ರೈಪಾಡು ನಿಲ್ಲಿಸಿ, ಕಾಣುವುದನ್ನು ಕಾಣುವ ಹಾಗೇ ತೆಗೆದೆ.

ಹಬ್ಬಗಳನ್ನು ತಿಂಗಳುಗಳಿಗೆ ಹೊಂದಿಸಲು ಕ್ಯಾಲೆಂಡರು ಬಿಚ್ಚಿ ಕೂತಾಗ ಇನ್ನೊಂದು ಗೊಂದಲ. ಹಬ್ಬಗಳೂ ವರ್ಷ ವರ್ಷ ಹಿಂದೆ ಮುಂದೆ ಸರಿಯುತ್ತವೆ. ಸೂರ್ಯ ಒಂದು ಕಡೆ, ದೀಪಾವಳಿ ಇನ್ನೊಂದು ಕಡೆ ಓಡಾಡಿದರೆ ಏನೆಂದು ಬರೆಯುವುದು? ಕೊನೆಗೆ 'ಸುಮಾರು' ಎಂಬ ಪದ ಹಾಕಿ ತಿಂಗಳುಗಳನ್ನೇ ಬರೆದೆವು. ಭಾನುವಾರ ಸಂಜೆ ಎಲ್ಲ ಫೋಟೋ, ಡಿಸೆಂಬರಿನ ಮೂಲ ಫೈಲು, ರೂಮು ರೂಮಿನ ತಿಂಗಳ ಪಟ್ಟಿ ಕಳಿಸಿದೆವು. ಸಹಿ ಹಾಕಿದೆ.

ಉತ್ತರ ಬಂತು. ಫೋಟೋ ನಕಲಿಯಲ್ಲ ಎಂದು ಒಪ್ಪಿದರು, ಹೋಟೆಲು ಲಿಸ್ಟಿನಲ್ಲಿ ಉಳಿಯಿತು. ಆದರೆ ಹೆಸರಿನ ಪಕ್ಕದಲ್ಲಿದ್ದ ಸೂರ್ಯಾಸ್ತದ ಮಾತನ್ನು ಕಿತ್ತುಹಾಕಿ, ಕೆರೆ ಕಾಣುವ ಕೋಣೆಗಳು ಎಂದು ಬದಲಾಯಿಸಿದರು, ನಮ್ಮ ತಿಂಗಳ ಪಟ್ಟಿಯನ್ನು ಫೋಟೋಗಳ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದರು. ಕೆರೆ ಕಾಣುವ ಹೋಟೆಲು ಆ ರಸ್ತೆಯಲ್ಲಿ ಇನ್ನೂ ನಾಲ್ಕಿವೆ. ಜುಲೈ, ಆಗಸ್ಟ್ ಹೆಚ್ಚುಕಡಿಮೆ ಖಾಲಿ ಹೋಯಿತಂತೆ. ಒಂದು ದಿನ ಯಜಮಾನರು ಛತ್ರದ ಕಂಟ್ರಾಕ್ಟರನ್ನು ಕರೆತಂದು ಅಂಗಳ ಅಳೆಸಿದರಂತೆ. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಯಾರನ್ನು ಕೇಳುವುದು? ಎರಡು ಸಲ ಒಡತಿಗೆ ಫೋನ್ ಮಾಡಲು ಹೋಗಿ, ಏನು ಮಾತಾಡುವುದೆಂದು ತಿಳಿಯದೆ ಬಿಟ್ಟೆ.

ಅಕ್ಟೋಬರ್ ಕೊನೆಯ ಒಂದು ಸಂಜೆ, ಆರು ಗಂಟೆ ಹೊಡೆಯುವ ಹೊತ್ತಿಗೆ, ಅವರೇ ಫೋನ್ ಮಾಡಿದರು. ನಾನು ಜೆ.ಪಿ. ನಗರದ ಒಂದು ಸೀರೆ ಅಂಗಡಿಯಲ್ಲಿದ್ದೆ.

"ಮೇಡಂ, ಬಂದ" ಅಂದರು. ಉಸಿರು ಕಟ್ಟಿ ಮಾತಾಡುತ್ತಿದ್ದರು. "ಮೂರನೇ ರೂಮಿಗೆ ಬಂದ. ಗುಡ್ಡದ ಪಕ್ಕಕ್ಕೇ."

ಟ್ರೈಪಾಡು ಅಲ್ಲೇ ಬಿಟ್ಟು ಅಂಗಡಿಯ ಬಾಗಿಲಿಗೆ ಬಂದೆ. "ಹೇಗೆ ಕಾಣ್ತಿದಾನೆ? ಬಾಲ್ಕನಿ ಪೂರ್ತಿ ಬೆಳಕು ಬಂದಿದೆಯಾ?"

"ಗೊತ್ತಿಲ್ಲ ಮೇಡಂ, ನಾನು ನೋಡ್ಲಿಲ್ಲ."

"ಯಾಕೆ?"

"ರೂಮಲ್ಲಿ ಗೆಸ್ಟ್ ಇದಾರಲ್ಲ. ಪಟ್ಟಿ ನೋಡ್ಕೊಂಡೇ ಬುಕ್ ಮಾಡಿದ್ರಂತೆ. ಈಗ ರಿಸೆಪ್ಷನ್‌ಗೆ ಫೋನ್ ಮಾಡಿ ಹೇಳಿದ್ರು. ನಾಲ್ಕು, ಐದು, ಆರು, ಏಳು, ಎಂಟು, ಎಲ್ಲದ್ರಲ್ಲೂ ಜನ ಇದಾರೆ ಮೇಡಂ. ನಂಗೆ ನಿಂತ್ಕೊಂಡು ನೋಡೋಕೆ ಒಂದು ಬಾಲ್ಕನಿನೂ ಖಾಲಿ ಇಲ್ಲ."